ಸೆಟ್ಟಿಗಿಂತ ಮೊದಲು ಕೇಬಲ್: ಹೊಸ ಹ್ಯಾಮ್‌ಗಳಿಗೊಂದು ಬಹಿರಂಗ ಪತ್ರ

ಹೊಸದಾಗಿ ಪರವಾನಗಿ ಪಡೆದ ಕರ್ನಾಟಕದ ಹ್ಯಾಮ್ ಗೆಳೆಯ ಗೆಳತಿಯರೇ,

ಪರೀಕ್ಷೆ ಮುಗಿಸಿ, ತಿಂಗಳುಗಟ್ಟಲೆ ಕಾದು, ಕೊನೆಗೂ ಕರೆಸಂಕೇತ ಕೈಗೆ ಬಂದ ಸಂಭ್ರಮದಲ್ಲಿದ್ದೀರಿ. ಅಭಿನಂದನೆಗಳು. ಈಗ ಮನೆಯಲ್ಲೇ ಸ್ಟೇಷನ್ ಕಟ್ಟುವ ಯೋಚನೆ ನಡೆದಿದೆ. ಸಂಜೆಯ ರೇಡಿಯೋ ನೆಟ್‌ನಲ್ಲಿ, ಕ್ಲಬ್ಬಿನ ಸಭೆಯಲ್ಲಿ ನೀವು ಹಿರಿಯರನ್ನು ಕೇಳುವ ಪ್ರಶ್ನೆಗಳು ನನ್ನ ಕಿವಿಗೂ ಬೀಳುತ್ತವೆ. ಯಾವ ಸೆಟ್ ಒಳ್ಳೆಯದು, ಹಳೆಯದು ಸಿಕ್ಕರೆ ಕೊಳ್ಳಬಹುದೇ, ಎಷ್ಟು ವ್ಯಾಟ್ ಬೇಕು, ಆಂಟೆನಾ ನಾವೇ ಮಾಡಿಕೊಳ್ಳಬಹುದೇ, ಹೀಗೆ. ಸೆಟ್ಟಿನಿಂದ ಆಂಟೆನಾಗೆ ಹೋಗುವ ಕೇಬಲ್ ಯಾವುದಿರಬೇಕು ಎಂದು ಕೇಳುವವರು ತೀರಾ ಕಡಿಮೆ. ಕೇಳಿದರೂ ದುಡ್ಡೆಲ್ಲ ಸೆಟ್ಟಿಗೆ ಸುರಿದಾದ ಮೇಲೆ, ಉಳಿದ ಚಿಲ್ಲರೆಯಲ್ಲಿ ಏನು ಸಿಗುತ್ತದೆ ಎನ್ನುವ ಲೆಕ್ಕದಲ್ಲಿ ಕೇಳುತ್ತಾರೆ.

ಈ ಕ್ರಮವನ್ನು ತಿರುವುಮುರುವು ಮಾಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಪತ್ರ. ಆಂಟೆನಾ ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಅಲ್ಲಿಂದ ನಿಮ್ಮ ಮೇಜಿನವರೆಗೆ ಎಷ್ಟು ದೂರ, ಯಾವ ಬ್ಯಾಂಡು ಎಂದು ನೋಡಿ ಅದಕ್ಕೆ ತಕ್ಕ ಕೇಬಲ್ಲಿಗೆ ಹಣ ತೆಗೆದಿಡಿ. ಉಳಿದದ್ದರಲ್ಲಿ ಸೆಟ್ ಕೊಳ್ಳಿ. ಸೆಟ್ ಸಾಧಾರಣದ್ದಾದರೂ ನಡೆಯುತ್ತದೆ, ನಾಳೆ ಬದಲಿಸಬಹುದು. ಗೋಡೆ ಕೊರೆದು, ಪೈಪಿನಲ್ಲಿ ತೂರಿಸಿ, ತಾರಸಿಯವರೆಗೆ ಎಳೆದ ಕೇಬಲ್ಲನ್ನು ಯಾರೂ ನಾಳೆ ಬದಲಿಸುವುದಿಲ್ಲ. ಅದು ಹತ್ತು ವರ್ಷ ಅಲ್ಲೇ ಇರುತ್ತದೆ. ಒಳ್ಳೆಯದಾದರೆ ಹತ್ತು ವರ್ಷ ಒಳ್ಳೆಯದು ಮಾಡುತ್ತದೆ, ಕೆಟ್ಟದ್ದಾದರೆ ಅಷ್ಟೂ ವರ್ಷ ನಿಮ್ಮ ದನಿಯನ್ನು ದಾರಿಯಲ್ಲೇ ತಿನ್ನುತ್ತದೆ.

ತಿನ್ನುವುದು ಎಷ್ಟು ಎಂದು ಅಂಕಿಯಲ್ಲೇ ನೋಡೋಣ. ನಿರ್ಬಂಧಿತ ದರ್ಜೆಯ ಪರವಾನಗಿಗೆ 50 ವ್ಯಾಟ್‌ನ ಮಿತಿ ಇದೆ. ನಿಮ್ಮ ಸೆಟ್ ಆ 50 ವ್ಯಾಟನ್ನು ಪೂರ್ತಿ ಕೊಡುತ್ತದೆ ಎಂದಿಟ್ಟುಕೊಳ್ಳಿ. ಮನೆ ಎರಡಂತಸ್ತಿನದು, ಸೆಟ್ ಕೆಳಗಿನ ಕೋಣೆಯಲ್ಲಿ, ಆಂಟೆನಾ ತಾರಸಿಯ ಆಚೆ ಮೂಲೆಯ ಕಂಬದ ಮೇಲೆ. ಗೋಡೆ ಬಳಸಿ, ಕಿಟಕಿ ದಾಟಿ, ಕಂಬ ಏರುವಷ್ಟರಲ್ಲಿ 30 ಮೀಟರ್ ಕೇಬಲ್ ಆಗಿಯೇ ಹೋಗುತ್ತದೆ. ಎಲ್ಲ ಅಂಗಡಿಯಲ್ಲೂ ಸುಲಭವಾಗಿ ಸಿಗುವುದು ಆರ್‌ಜಿ-58, ಸುಮಾರು 5 ಮಿಲಿಮೀಟರ್ ದಪ್ಪದ ಸಪೂರ ಕಪ್ಪು ಕೇಬಲ್. 28 ಮೆಗಾಹರ್ಟ್ಸ್‌ನ ಹತ್ತು ಮೀಟರ್ ಬ್ಯಾಂಡಿನಲ್ಲಿ ಈ ಉದ್ದದ ಆರ್‌ಜಿ-58 ಎರಡರಿಂದ ಎರಡೂವರೆ ಡೆಸಿಬೆಲ್ ನುಂಗುತ್ತದೆ. 50 ವ್ಯಾಟ್‌ನಲ್ಲಿ ಆಂಟೆನಾ ಮುಟ್ಟುವುದು ಸುಮಾರು 30 ವ್ಯಾಟ್. ಉಳಿದದ್ದು ಕೇಬಲ್ಲಿನ ಉದ್ದಕ್ಕೂ ಬಿಸಿಯಾಗಿ ಹೋಗುತ್ತದೆ. ಇಷ್ಟು ಬೇಕಾದರೆ ಸಹಿಸಿಕೊಳ್ಳಬಹುದು. ಅದೇ ಕೇಬಲ್ಲನ್ನು 145 ಮೆಗಾಹರ್ಟ್ಸ್‌ಗೆ ಹಾಕಿದರೆ ನಷ್ಟ ಐದಾರು ಡೆಸಿಬೆಲ್ ಆಗುತ್ತದೆ. 5 ವ್ಯಾಟ್‌ನ ಹ್ಯಾಂಡಿಯನ್ನು ಮೇಲಿನ ಆಂಟೆನಾಗೆ ಜೋಡಿಸಿದ್ದೀರಾದರೆ ಮೇಲೆ ತಲುಪುವುದು ಒಂದೂವರೆ ವ್ಯಾಟ್‌ನ ಆಸುಪಾಸು. ಇನ್ನು 435 ಮೆಗಾಹರ್ಟ್ಸ್‌ನಲ್ಲಿ ಹತ್ತು ಡೆಸಿಬೆಲ್‌ನ ಹತ್ತಿರ, ಎಂದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. 5 ವ್ಯಾಟ್ ಹೋಗಿ ಅರ್ಧ ವ್ಯಾಟ್! ತಾರಸಿಯ ಮೇಲೆ ನಿಂತು ಹ್ಯಾಂಡಿಯ ರಬ್ಬರ್ ಆಂಟೆನಾದಲ್ಲೇ ಮಾತಾಡಿದ್ದರೆ ಅದಕ್ಕಿಂತ ಮೇಲಿತ್ತೇನೋ ಅನ್ನಿಸುವಷ್ಟು.

ಇದೇ ದಾರಿಗೆ 10 ಮಿಲಿಮೀಟರ್ ದಪ್ಪದ ಎಲ್‌ಎಂಆರ್-400 ದರ್ಜೆಯ ಕೇಬಲ್ ಹಾಕಿದರೆ 145ರಲ್ಲಿ ನಷ್ಟ ಒಂದೂವರೆ ಡೆಸಿಬೆಲ್, 435ರಲ್ಲಿ ಎರಡೂವರೆಯಿಂದ ಎರಡೂಮುಕ್ಕಾಲು. 435ರಲ್ಲಿ ಅರ್ಧ ವ್ಯಾಟಿನ ಬದಲು ಎರಡೂವರೆ ವ್ಯಾಟಿಗಿಂತ ಹೆಚ್ಚು ಆಂಟೆನಾ ಮುಟ್ಟುತ್ತದೆ. ಸೆಟ್ ಬದಲಿಸಿಲ್ಲ, ಆಂಟೆನಾ ಬದಲಿಸಿಲ್ಲ, ಪವರ್ ಆಂಪ್ಲಿಫೈಯರ್ ಕೊಂಡಿಲ್ಲ.

ಏಕೆ ಹೀಗೆ? ಹೆಚ್ಚಿನ ಆವರ್ತನದ ವಿದ್ಯುತ್ತು ತಂತಿಯ ಒಳಗೆಲ್ಲ ಹರಿಯುವುದಿಲ್ಲ, ಮೇಲ್ಮೈಗೆ ಅಂಟಿಕೊಂಡು ಹರಿಯುತ್ತದೆ. 27 ಮೆಗಾಹರ್ಟ್ಸ್‌ನಲ್ಲಿ ತಾಮ್ರದ ಮೇಲೆ ಅದು ಹರಿಯುವ ಪದರದ ಆಳ ಒಂದು ಮಿಲಿಮೀಟರಿನ ಎಂಬತ್ತನೇ ಒಂದು ಭಾಗದಷ್ಟು. ಆವರ್ತನ ಏರಿದ ಹಾಗೆ ಆ ಪದರ ಇನ್ನೂ ತೆಳುವಾಗುತ್ತದೆ, ತಡೆ ಹೆಚ್ಚುತ್ತದೆ. ಆವರ್ತನ ನಾಲ್ಕು ಪಟ್ಟಾದರೆ ಡೆಸಿಬೆಲ್ ಲೆಕ್ಕದ ನಷ್ಟ ಹೆಚ್ಚುಕಡಿಮೆ ಎರಡು ಪಟ್ಟು. ಒಳತಂತಿ ದಪ್ಪವಿದ್ದರೆ ಮೇಲ್ಮೈ ಹೆಚ್ಚು, ನಷ್ಟ ಕಡಿಮೆ. ಕೇಬಲ್ಲಿನ ದಪ್ಪಕ್ಕೆ ನಾವು ಕೊಡುವ ಹಣವೆಲ್ಲ ಈ ಮೇಲ್ಮೈಗೆ ಕೊಡುವ ಹಣ.

ಕಳಿಸುವುದಕ್ಕಿಂತ ಕೇಳುವುದರಲ್ಲಿ ಕೇಬಲ್ಲಿನ ಪಾತ್ರ ಬೇರೆ ಬಗೆಯದು. 7 ಅಥವಾ 14 ಮೆಗಾಹರ್ಟ್ಸ್‌ನಂಥ ಎಚ್‌ಎಫ್ ಬ್ಯಾಂಡುಗಳಲ್ಲಿ ಆಕಾಶದ ಗದ್ದಲ, ಮಿಂಚಿನ ಚಟಪಟ, ಪಕ್ಕದ ಮನೆಯ ಇನ್ವರ್ಟರಿನ ಗೊರಗೊರ ಎಲ್ಲ ಆಂಟೆನಾದಿಂದಲೇ ಇಳಿದು ಬರುತ್ತವೆ. ಕೇಬಲ್ ಎರಡು ಡೆಸಿಬೆಲ್ ನುಂಗಿದರೆ ಗದ್ದಲವೂ ಎರಡು ಡೆಸಿಬೆಲ್ ಇಳಿಯುತ್ತದೆ, ದೂರದ ದನಿಯೂ ಅಷ್ಟೇ ಇಳಿಯುತ್ತದೆ. ಎರಡರ ನಡುವಿನ ಅಂತರ ಹಾಗೇ ಉಳಿಯುವುದರಿಂದ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 145, 435ರಲ್ಲಿ ಹಾಗಲ್ಲ. ಅಲ್ಲಿ ಆಕಾಶ ಸಾಕಷ್ಟು ಶಾಂತ, ಸೆಟ್ಟಿನ ಒಳಗಿನ ಗದ್ದಲವೇ ಮಿತಿ. ಕೇಬಲ್ಲಿನಲ್ಲಿ ಕಳೆದ ಪ್ರತಿ ಡೆಸಿಬೆಲ್ಲೂ ಕೇಳುವ ಶಕ್ತಿಯಿಂದ ನೇರವಾಗಿ ಕಳೆದ ಹಾಗೆ. ಸೆಟ್ಟಿನ ಪಕ್ಕದಲ್ಲಿ ಆಂಪ್ಲಿಫೈಯರ್ ಇಟ್ಟರೂ ಕಳೆದದ್ದು ಹಿಂದಿರುಗದು. ಅದನ್ನು ಇಡುವುದಾದರೆ ಕಂಬದ ತುದಿಯಲ್ಲಿ, ಕೇಬಲ್ಲಿಗಿಂತ ಮೊದಲೇ ಇಡಬೇಕು. ಉಪಗ್ರಹದ ಮೂಲಕ ಮಾತಾಡುವ ಆಸೆ ಇರುವವರು ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಮ್ಮ ಇಸ್ರೋ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಕಾರ್ಟೊಸ್ಯಾಟ್-1ರ ಜೊತೆ ಹಾರಿಸಿದ ಹ್ಯಾಮ್‌ಸ್ಯಾಟ್, 2014ರವರೆಗೂ ಜಗತ್ತಿನ ಹ್ಯಾಮ್‌ಗಳಿಗೆ ಸೇತುವೆಯಾಗಿತ್ತು. ಅದಕ್ಕೆ ಕಳಿಸುತ್ತಿದ್ದುದು 435ರಲ್ಲಿ, ಅದರಿಂದ ಕೇಳುತ್ತಿದ್ದುದು 145ರಲ್ಲಿ. ತಾರಸಿಗೆ ಹೋಗಿ, ಪುಟ್ಟ ಯಾಗಿ ಆಂಟೆನಾವನ್ನು ಕೈಯಲ್ಲಿ ಹಿಡಿದು, ಒಂದೆರಡು ಮೀಟರ್ ಕೇಬಲ್ಲಿನಲ್ಲಿ ಉಪಗ್ರಹಕ್ಕೆ ಮಾತಾಡುವವರ ಗುಟ್ಟು ಏನೂ ಇಲ್ಲ. ಅವರು 28 ಮೀಟರ್ ಕೇಬಲ್ಲಿನ ನಷ್ಟವನ್ನು ಉಳಿಸಿಕೊಂಡಿರುತ್ತಾರೆ, ಅಷ್ಟೇ.

ಈಗ ಎಸ್‌ಡಬ್ಲ್ಯೂಆರ್ ಮೀಟರಿನ ವಿಷಯ. ಹೊಸಬರು ಅತಿ ಹೆಚ್ಚು ನಂಬುವುದು ಇದನ್ನೇ, ಕೆಟ್ಟ ಕೇಬಲ್ಲಿನ ವಿಷಯದಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದೂ ಇದೇ. ಆಂಟೆನಾ ಸರಿ ಹೊಂದಿಲ್ಲದಿದ್ದರೆ ಕಳಿಸಿದ ಶಕ್ತಿಯಲ್ಲಿ ಒಂದಷ್ಟು ಹಿಂದಕ್ಕೆ ಬರುತ್ತದೆ, ಮೀಟರು ಹೋದದ್ದನ್ನೂ ಬಂದದ್ದನ್ನೂ ಹೋಲಿಸಿ ಅಂಕಿ ತೋರಿಸುತ್ತದೆ. ಸರಿ. ಆದರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕೇಬಲ್ ನುಂಗಿದರೆ, ಹಿಂದೆ ಬರುವುದು ಮೀಟರಿಗೆ ಕಾಣುವುದೇ ಇಲ್ಲ. 10 ಡೆಸಿಬೆಲ್ ನಷ್ಟದ ಕೇಬಲ್ ಒಂದನ್ನು ಊಹಿಸಿಕೊಳ್ಳಿ. ಅದರ ತುದಿಯಲ್ಲಿ ಆಂಟೆನಾವೇ ಇಲ್ಲ, ಬರಿದಾಗಿ ತೂಗುತ್ತಿದೆ. ಹೋದ ಶಕ್ತಿಯೆಲ್ಲ ತುದಿಯಲ್ಲಿ ತಿರುಗಿ ವಾಪಸು ಬರಬೇಕು. ಹೋಗುವಾಗ 10, ಬರುವಾಗ 10, ಒಟ್ಟು 20 ಡೆಸಿಬೆಲ್ ಇಳಿದು ನೂರರಲ್ಲಿ ಒಂದು ಪಾಲು ಮಾತ್ರ ಹಿಂದೆ ಬರುತ್ತದೆ. ಮೀಟರು ತೋರಿಸುವುದು 1.2! ಆಂಟೆನಾ ಇಲ್ಲದ ಸ್ಟೇಷನ್ನಿಗೆ ಮೀಟರು ಕೊಡುವ ಪ್ರಮಾಣಪತ್ರ ಇದು. 5 ಡೆಸಿಬೆಲ್ ನಷ್ಟದ ಕೇಬಲ್ಲಾದರೂ ಬರಿ ತುದಿಗೆ 1.9 ತೋರಿಸುತ್ತದೆ, ಎರಡರ ಒಳಗೆ ಇದೆಯಲ್ಲ ಎಂದು ನೀವು ಸಮಾಧಾನಪಟ್ಟುಕೊಳ್ಳುತ್ತೀರಿ. ವರ್ಷದಿಂದ ವರ್ಷಕ್ಕೆ ಎಸ್‌ಡಬ್ಲ್ಯೂಆರ್ ತಾನಾಗಿಯೇ ಸುಧಾರಿಸುತ್ತ ಬಂದರೆ ಖುಷಿಪಡಬೇಡಿ, ಕೇಬಲ್ಲಿಗೆ ನೀರು ಹೊಕ್ಕಿದೆ ಎಂದು ತಿಳಿಯಿರಿ.

ಹಾಗಾದರೆ ಕೇಬಲ್ಲಿನ ನಷ್ಟ ತಿಳಿಯುವುದು ಹೇಗೆ? ಈಗ ಅಂಗೈ ಅಗಲದ ನ್ಯಾನೋ ವಿಎನ್‌ಎ ಎನ್ನುವ ಉಪಕರಣ ಹ್ಯಾಮ್‌ಗಳ ಕೈಗೆಟಕುವ ಬೆಲೆಯಲ್ಲೇ ಸಿಗುತ್ತದೆ. ಕೇಬಲ್ಲಿನ ಒಂದು ತುದಿಯನ್ನು ಅದಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಖಾಲಿ ಬಿಟ್ಟು, ನಿಮ್ಮ ಬ್ಯಾಂಡಿನಲ್ಲಿ ರಿಟರ್ನ್ ಲಾಸ್ ಎಷ್ಟಿದೆ ನೋಡಿ. ಅದರ ಅರ್ಧವೇ ಕೇಬಲ್ಲಿನ ನಷ್ಟ. 5 ಡೆಸಿಬೆಲ್ ತೋರಿಸಿದರೆ ಕೇಬಲ್ ಎರಡೂವರೆ ನುಂಗುತ್ತಿದೆ ಎಂದರ್ಥ. ಕೊಂಡ ದಿನವೇ ಇದನ್ನು ಮಾಡಿ, ಅಂಕಿಯನ್ನು ಲಾಗ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಪ್ರತಿ ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯಿರಿ. ಉಪಕರಣ ಇಲ್ಲದವರು ಕೇಬಲ್ಲಿನ ತುದಿಗೆ ಡಮ್ಮಿ ಲೋಡ್ ಹಾಕಿ, ಪವರ್ ಮೀಟರನ್ನು ಮೊದಲು ಸೆಟ್ಟಿನ ಬಳಿ, ಆಮೇಲೆ ಡಮ್ಮಿ ಲೋಡಿನ ಬಳಿ ಇಟ್ಟು ನೋಡಿದರೂ ಸಾಕು. ಮಲ್ಟಿಮೀಟರಿನ ಬೀಪ್ ಶಬ್ದಕ್ಕೆ ಮರುಳಾಗಬೇಡಿ. ತಂತಿ ತುಂಡಾಗಿಲ್ಲ, ಒಳಹೊರಗು ಕೂಡಿಕೊಂಡಿಲ್ಲ ಎನ್ನುವುದನ್ನು ಬಿಟ್ಟರೆ ಅದು ಬೇರೇನನ್ನೂ ಹೇಳುವುದಿಲ್ಲ.

ನಿಮ್ಮಲ್ಲಿ ಹಲವರು ಕೇಳುವ ಇನ್ನೊಂದು ಪ್ರಶ್ನೆ: ಮನೆಯಲ್ಲಿ ಡಿಶ್ ಟಿವಿಗೆ ತಂದು ಉಳಿದ ಕೇಬಲ್ ಇದೆ, ಅದು ನಡೆಯುತ್ತದೆಯೇ? ಅದು ಆರ್‌ಜಿ-6, 75 ಓಮ್‌ನದು. ನಮ್ಮ ಸೆಟ್ಟುಗಳು 50 ಓಮ್‌ಗೆ ಮಾಡಿದವು. ಈ ಎರಡು ಅಂಕಿಗಳ ಹಿಂದೆ ಕಾರಣವಿದೆ. ಒಂದು ತಂತಿಯ ಸುತ್ತ ಇನ್ನೊಂದು ಕೊಳವೆಯಾಕಾರದ ವಾಹಕ ಇಡುವ ಈ ಕೋಯಾಕ್ಸ್ ವಿನ್ಯಾಸಕ್ಕೆ ಆಲಿವರ್ ಹೆವಿಸೈಡ್ 1880ರಲ್ಲೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದ. ಅರ್ಧ ಶತಮಾನದ ನಂತರ, 1929ರ ಹೊತ್ತಿಗೆ, ಅಮೆರಿಕದಲ್ಲಿ ಲಾಯ್ಡ್ ಎಸ್ಪೆನ್‌ಶೀಡ್ ಮತ್ತು ಹರ್ಮನ್ ಆಫೆಲ್ ಅದನ್ನು ಹೆಚ್ಚಿನ ಆವರ್ತನದ ಸಂಪರ್ಕಕ್ಕೆ ಹೊಂದಿಸಿದರು. ನಡುವೆ ಗಾಳಿ ಇರುವ ಕೇಬಲ್ಲಿನಲ್ಲಿ ನಷ್ಟ ಅತಿ ಕಡಿಮೆಯಾಗುವುದು 77 ಓಮ್‌ನ ಹತ್ತಿರ, ಹೆಚ್ಚು ಶಕ್ತಿ ತಡೆದುಕೊಳ್ಳುವುದು 30 ಓಮ್‌ನ ಹತ್ತಿರ. ಟಿವಿಯವರಿಗೆ ಕಳಿಸುವ ಕೆಲಸವಿಲ್ಲ, ನಷ್ಟ ಕಡಿಮೆ ಇದ್ದರೆ ಸಾಕು, 75 ಹಿಡಿದರು. ಕಳಿಸುವ ಕೇಳುವ ಎರಡೂ ಕೆಲಸದವರಿಗೆ ನಡುವಿನ 50 ಒಗ್ಗಿತು. ಹಾಗಾಗಿ ಆರ್‌ಜಿ-6 ಕೆಟ್ಟ ಕೇಬಲ್ ಅಲ್ಲ. 145ರಲ್ಲಿ ಅದರ ನಷ್ಟ ಆರ್‌ಜಿ-58ರ ಅರ್ಧಕ್ಕಿಂತ ಬಹಳ ಹೆಚ್ಚೇನಲ್ಲ. 50 ಮತ್ತು 75ರ ಅಸಮ ಜೋಡಣೆಯಿಂದ ಹಿಂದೆ ಬರುವುದು ನೂರಕ್ಕೆ 4 ಮಾತ್ರ. ತೊಡಕು ಇರುವುದು ಕನೆಕ್ಟರಿನಲ್ಲಿ. ಈ ಕೇಬಲ್ಲಿನ ಹೊರ ಹೆಣಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದು, ಬೆಸುಗೆ ಹಿಡಿಯುವುದಿಲ್ಲ. ಟಿವಿಯ ಎಫ್ ಕನೆಕ್ಟರನ್ನೇ ಒತ್ತಿ ಕೂರಿಸಿ, ಅಡಾಪ್ಟರ್ ಹಾಕಬೇಕು. ಹಣದ ಅಡಚಣೆ ಇರುವ ವಿದ್ಯಾರ್ಥಿಗಳು ಕಡಿಮೆ ಪವರಿಗೆ, ಕೇಳುವುದಕ್ಕೆ ಧಾರಾಳವಾಗಿ ಇದನ್ನು ಬಳಸಿ. ಯಾರಾದರೂ ಹೀಯಾಳಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ಅಂಗಡಿಗೆ ಹೋಗೋಣ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿ ಸಾಲಿನಲ್ಲಿ ಆರ್‌ಜಿ-58 ಎಂದು ಕೇಳಿದರೆ ಒಂದೇ ಹೆಸರಿನ ನಾಲ್ಕು ಬಗೆಯ ಕೇಬಲ್ ನಿಮ್ಮ ಮುಂದೆ ಬರಬಹುದು. ಈ ಆರ್‌ಜಿ ಅಂಕಿಗಳು ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸೇನೆಯ ಪಟ್ಟಿಯಿಂದ ಬಂದವು. ಆ ಪಟ್ಟಿ ಹೇಳಿದ ಗುಣಮಟ್ಟ ಈ ಹೆಸರು ಅಚ್ಚಾದ ಎಲ್ಲ ಕೇಬಲ್ಲಿಗೂ ಇರುತ್ತದೆ ಎಂದಿಲ್ಲ. ಆದ್ದರಿಂದ ಒಂದು ಅಡಿ ತುಂಡನ್ನು ಹಣ ಕೊಟ್ಟೇ ಕೊಂಡು, ಅಲ್ಲೇ ಹೊರಗೆ ನಿಂತು ಬ್ಲೇಡಿನಿಂದ ಬಿಚ್ಚಿ ನೋಡಿ. ಹೊರಗಿನ ಕಪ್ಪು ಪದರ ಸೀಳಿದ ಕೂಡಲೇ ಬ್ರೇಡ್, ಎಂದರೆ ತಂತಿಯ ಹೆಣಿಗೆ ಕಾಣಬೇಕು. ಅದು ಒತ್ತೊತ್ತಾಗಿ, ಕೆಳಗಿನ ಬಿಳಿ ಪ್ಲಾಸ್ಟಿಕ್ ಹೆಚ್ಚುಕಡಿಮೆ ಮುಚ್ಚಿಹೋಗುವ ಹಾಗೆ ಇದ್ದರೆ ಒಳ್ಳೆಯದು. ಒಳ್ಳೆಯ ಆರ್‌ಜಿ-58, ದಪ್ಪನೆಯ ಆರ್‌ಜಿ-213ರಲ್ಲಿ ನೂರಕ್ಕೆ 95ರಷ್ಟು ಮುಚ್ಚಿರುತ್ತದೆ. ಕಡಿಮೆ ಬೆಲೆಯದರಲ್ಲಿ ನಾಲ್ಕೆಳೆ ಇಲ್ಲಿ, ನಾಲ್ಕೆಳೆ ಅಲ್ಲಿ, ನಡುವೆ ಬಿಳಿ ಮೈ ಬೆತ್ತಲೆ. ಆ ಸಂದಿಯಿಂದ ನಿಮ್ಮ ಶಕ್ತಿ ಹೊರಗೆ, ಊರಿನ ಗದ್ದಲ ಒಳಗೆ. ಆಮೇಲೆ ಒಳತಂತಿಯನ್ನು ಬ್ಲೇಡಿನ ಅಂಚಿನಿಂದ ಕೆರೆಯಿರಿ. ಕೆಂಪು ಕೆಂಪಾಗಿಯೇ ಉಳಿದರೆ ತಾಮ್ರ. ಬೆಳ್ಳಗೆ ಹೊಳೆದರೆ ಒಳಗೆ ಅಲ್ಯೂಮಿನಿಯಮ್ಮೋ ಉಕ್ಕೋ ಇದೆ. ಪುಟ್ಟ ಅಯಸ್ಕಾಂತ ಜೇಬಿನಲ್ಲಿದ್ದರೆ ಉಕ್ಕನ್ನು ಅದು ಹಿಡಿದುಕೊಡುತ್ತದೆ. ತವರ ಲೇಪಿಸಿದ ತಾಮ್ರವೂ ಮೊದಲು ಬೆಳ್ಳಗೇ ಕಾಣುತ್ತದೆ, ಗಾಬರಿಯಾಗಬೇಡಿ, ಇನ್ನಷ್ಟು ಕೆರೆದರೆ ಕೆಂಪು ಬರುತ್ತದೆ. ಆರ್‌ಜಿ-58ಸಿ ಎನ್ನುವುದರಲ್ಲಿ ಹೀಗೆ ತವರ ಬಳಿದ 19 ಸಣ್ಣ ಎಳೆ, ಆರ್‌ಜಿ-213ರಲ್ಲಿ 7 ದಪ್ಪ ಎಳೆ ಇರಬೇಕು. ಎಣಿಸಿ. ಅಂಗಡಿಯವರು ಬೇಸರಪಟ್ಟುಕೊಳ್ಳುವುದಿಲ್ಲ, ನೋಡಿ ಕೊಳ್ಳುವ ಗಿರಾಕಿ ಎಂದು ಮುಂದಿನ ಸಲ ಒಳಗಿನಿಂದ ಒಳ್ಳೆಯ ಸುರುಳಿಯನ್ನೇ ತರುತ್ತಾರೆ.

ಯಾವುದು ಕೊಳ್ಳಬೇಕು ಎನ್ನುವುದಕ್ಕೆ ನನ್ನ ಅಭಿಪ್ರಾಯ ಇದು. ಎಚ್‌ಎಫ್ ಒಂದೇ ಗುರಿಯಾಗಿದ್ದು, ದೂರ ಹತ್ತು ಹದಿನೈದು ಮೀಟರ್ ಇದ್ದರೆ, ಒಳ್ಳೆಯ ತಾಮ್ರದ ಆರ್‌ಜಿ-58 ಸಾಕು, ದಪ್ಪನೆಯದಕ್ಕೆ ಹಣ ಹಾಕಬೇಡಿ. 7 ಮೆಗಾಹರ್ಟ್ಸ್‌ನಲ್ಲಿ 60 ಮೀಟರ್ ಆರ್‌ಜಿ-58 ಕೂಡ ಅರ್ಧಕ್ಕಿಂತ ಹೆಚ್ಚು ಶಕ್ತಿ ದಾಟಿಸುತ್ತದೆ. 28 ಮೆಗಾಹರ್ಟ್ಸ್‌ಗೆ 20 ಮೀಟರ್ ಮೀರಿದರೆ ಆರ್‌ಜಿ-213. 145, 435ಕ್ಕೆ ಹತ್ತು ಮೀಟರ್ ದಾಟಿದ ಮೇಲೆ ಎಲ್‌ಎಂಆರ್-400 ದರ್ಜೆಯದ್ದೇ ಸರಿ, ಅಲ್ಲಿ ಜಿಪುಣತನ ಬೇಡ. ಟೆಲಿಕಾಂ ಟವರುಗಳಿಂದ ಇಳಿಸಿದ ಅರ್ಧ ಇಂಚಿನ ಸುಕ್ಕುಕೊಳವೆಯ ತಾಮ್ರದ ಕೇಬಲ್ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಕ್ಕರೆ, ಬಿಲ್ಲು ಕೇಳಿ ಪಡೆದು, ಕಣ್ಣುಮುಚ್ಚಿ ತನ್ನಿ. ಅದಕ್ಕಿಂತ ಒಳ್ಳೆಯದು ನಮಗೆ ಸಿಗುವುದಿಲ್ಲ. ಅದರ ಕನೆಕ್ಟರ್ ಹುಡುಕುವುದು ಸ್ವಲ್ಪ ಕಷ್ಟ, ಅಷ್ಟೇ. ಮಲೆನಾಡಿನ ತೋಟದ ಮನೆಯವರಿಗೆ ಇನ್ನೊಂದು ದಾರಿಯಿದೆ. ಕೊನೆಗಾರರ ಕೈಯಲ್ಲಿ ಎರಡು ಅಡಿಕೆ ಮರದ ನಡುವೆ ಡೈಪೋಲ್ ಕಟ್ಟಿಸುವವರು, ಕೋಯಾಕ್ಸ್ ಬಿಟ್ಟು ಎರಡು ಸಮಾನಾಂತರ ತಂತಿಗಳ ನಡುವೆ ಪ್ಲಾಸ್ಟಿಕ್ ಕಡ್ಡಿ ಕಟ್ಟಿ ಇಳಿಸಬಹುದು. ಎಚ್‌ಎಫ್‌ನಲ್ಲಿ ಅದರ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಟ್ಯೂನರ್ ಬೇಕು, ತಗಡು ಕಬ್ಬಿಣದಿಂದ ದೂರ ಇಳಿಸಬೇಕು.

ವಿಡಿಯೋ ನೋಡಿ ಕಲಿಯುವವರಿಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಸಿಬಿ ರೇಡಿಯೋ ಎನ್ನುವುದು ಲಾರಿ ಚಾಲಕರ, ಸಾಮಾನ್ಯ ಮನೆಗಳ ದೊಡ್ಡ ಸಂಸ್ಕೃತಿ. ಅಲ್ಲಿ 1958ರಲ್ಲಿ 27 ಮೆಗಾಹರ್ಟ್ಸ್ ಜನರಿಗೆ ತೆರೆಯಿತು, 1977ರಲ್ಲಿ 40 ಚಾನೆಲ್ ಆಯಿತು. ನಮ್ಮಲ್ಲೂ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ 5 ವ್ಯಾಟ್ ಮಿತಿಯಲ್ಲಿ ಪರವಾನಗಿ ಬೇಡದ ಬಳಕೆ ಇದೆ. ಇದು ನಮ್ಮ ಹತ್ತು ಮೀಟರ್ ಬ್ಯಾಂಡಿನ ಪಕ್ಕದ್ದೇ ಆದ್ದರಿಂದ, ಸಿಬಿಯವರ ಕೇಬಲ್ ಮಾತುಗಳು ನಮ್ಮ ಹುಡುಗರ ಕಿವಿಗೂ ಬೀಳುತ್ತವೆ. ಅದರಲ್ಲಿ ಒಂದು, ಕೇಬಲ್ ಸರಿಯಾಗಿ 18 ಅಡಿ ಇರಲೇಬೇಕು, ಇಲ್ಲದಿದ್ದರೆ ಎಸ್‌ಡಬ್ಲ್ಯೂಆರ್ ಸರಿ ಬರುವುದಿಲ್ಲ ಎನ್ನುವುದು. 27 ಮೆಗಾಹರ್ಟ್ಸ್‌ನ ಅರ್ಧ ಅಲೆಯುದ್ದ ಗಾಳಿಯಲ್ಲಿ 18 ಅಡಿ ಹೌದು. ಆದರೆ ಗಟ್ಟಿ ಪಾಲಿಥಿನ್ ತುಂಬಿದ ಕೇಬಲ್ಲಿನೊಳಗೆ ಅಲೆ ಗಾಳಿಯಲ್ಲಿನ ವೇಗದ 0.66ರಷ್ಟೇ ಹೋಗುತ್ತದೆ, ಅಲ್ಲಿ ಅರ್ಧ ಅಲೆಯುದ್ದ ಸುಮಾರು 12 ಅಡಿ. ಲೆಕ್ಕವೇ ತಪ್ಪು. ಲೆಕ್ಕ ಸರಿ ಮಾಡಿಕೊಂಡರೂ, ಆಂಟೆನಾ 50 ಓಮ್‌ಗೆ ಹೊಂದಿದ್ದರೆ ಕೇಬಲ್ 12 ಅಡಿಯಿದ್ದರೂ 40 ಅಡಿಯಿದ್ದರೂ ಒಂದೇ. ಉದ್ದ ಬದಲಿಸಿದ ಕೂಡಲೇ ಎಸ್‌ಡಬ್ಲ್ಯೂಆರ್ ಗಣನೀಯವಾಗಿ ಬದಲಾಗುತ್ತಿದ್ದರೆ, ಕೇಬಲ್ಲಿನ ಹೊರಮೈಯೇ ಆಂಟೆನಾದ ಭಾಗವಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಮೈಕ್ ಮುಟ್ಟಿದರೆ ತುಟಿಗೆ ಚುರುಕು, ಕಳಿಸುವಾಗ ಟಿವಿಯಲ್ಲಿ ಗೆರೆ, ಸ್ಪೀಕರಿನಲ್ಲಿ ನಿಮ್ಮದೇ ದನಿ, ಎಲ್ಲ ಇದರದೇ ಲಕ್ಷಣ. ಆಂಟೆನಾದ ಕೆಳಗೇ ಕೇಬಲ್ಲನ್ನು ಫೆರೈಟ್ ಉಂಗುರಗಳಲ್ಲಿ ಹಾಯಿಸಿ, ಇಲ್ಲವೇ ಹತ್ತು ಮೀಟರ್ ಬ್ಯಾಂಡಿಗಾದರೆ ಒಂದು ಗೇಣು ಅಗಲದ ಆರೇಳು ಸುತ್ತು ಸುತ್ತಿ ಕಟ್ಟಿ. ಉದ್ದವನ್ನು ನಿಮ್ಮ ಗೋಡೆ ತೀರ್ಮಾನಿಸಲಿ.

ಮಳೆಯ ಬಗ್ಗೆ ಹೇಳಲೇಬೇಕು. ಕರಾವಳಿಯಲ್ಲಿ, ಆಗುಂಬೆಯ ಸೆರಗಿನ ಊರುಗಳಲ್ಲಿ ಸ್ಟೇಷನ್ ಕಟ್ಟುವವರಿಗೆ ಕೇಬಲ್ಲಿನ ಮೊದಲ ಶತ್ರು ನೀರು. ಎಷ್ಟು ಬೆಲೆಯ ಕೇಬಲ್ಲಾದರೂ ತುದಿಯಲ್ಲಿ ನೀರು ಹೊಕ್ಕರೆ ಒಂದೇ ಮಳೆಗಾಲಕ್ಕೆ ಮುಗಿಯಿತು. ಬ್ರೇಡಿನ ಎಳೆಗಳು ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ನೀರನ್ನು ಎಳೆದುಕೊಂಡು ಮೀಟರುಗಟ್ಟಲೆ ಒಳಗೆ ಒಯ್ಯುತ್ತವೆ. ನಾವೆಲ್ಲ ಬಳಸುವ ಪಿಎಲ್-259 ಕನೆಕ್ಟರಿಗೆ ನೀರು ತಡೆಯುವ ಶಕ್ತಿಯೇ ಇಲ್ಲ. ಹೊರಗೆ ಎನ್ ಕನೆಕ್ಟರ್ ಬಳಸಿದರೆ ಒಳ್ಳೆಯದು, ಬಳಸಿದರೂ ಟೇಪ್ ತಪ್ಪದು. ಮೂರು ಮಳೆಗಾಲ ಕಂಡ, ಟೇಪಿಲ್ಲದ ಕನೆಕ್ಟರ್ ಒಂದನ್ನು ಬಿಚ್ಚಿ ನೋಡಿ. ತಿರುಪು ತಿರುಗುವಾಗಲೇ ಕರಕರ ಎನ್ನುತ್ತದೆ. ಒಳಗೆ ಹಸಿರು ಕಿಲುಬು ಪುಡಿಯಾಗಿ ಉದುರುತ್ತದೆ, ನಡುವಿನ ಪಿನ್ನು ಕಂದಿರುತ್ತದೆ. ಹಿಂದಕ್ಕೆ ಒಂದಡಿ ಪದರ ಸೀಳಿದರೆ ಬ್ರೇಡ್ ಹೊಳೆಯುವ ತಾಮ್ರವಾಗಿ ಉಳಿದಿರುವುದಿಲ್ಲ, ಇದ್ದಿಲ ಬಣ್ಣಕ್ಕೆ ತಿರುಗಿರುತ್ತದೆ. ಬೆರಳಲ್ಲಿ ಉಜ್ಜಿದರೆ ಕಪ್ಪು ಅಂಟುತ್ತದೆ. ಇನ್ನೊಂದು ಅಡಿ ಸೀಳಿ, ಅಲ್ಲೂ ಅದೇ. ಅಂಥ ಕೇಬಲ್ಲಿನ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ಪ್ರಯೋಜನವಿಲ್ಲ. ಆ ಕಪ್ಪು ಎಷ್ಟು ದೂರ ಹೋಗಿದೆಯೋ ಅಷ್ಟನ್ನೂ ಕತ್ತರಿಸಬೇಕು, ಇಲ್ಲವೇ ಪೂರ್ತಿ ಬಿಸಾಡಬೇಕು.

ಆದ್ದರಿಂದ ಕನೆಕ್ಟರಿಗೆ ಬೆಸುಗೆ ಹಾಕಿ, ಬಿಗಿ ಮಾಡಿದ ಮೇಲೆ, ಎಳೆದು ಸುತ್ತಿದರೆ ತನಗೆ ತಾನೇ ಬೆರೆತುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಪ್ರತಿ ಸುತ್ತು ಹಿಂದಿನದರ ಅರ್ಧ ಏರಿರಲಿ. ಕೆಳಗಿನಿಂದ ಸುತ್ತಿದರೆ ಹೆಂಚಿನ ಮಾಡಿನ ಹಾಗೆ ಮೇಲಿನ ಪದರ ಕೆಳಗಿನದನ್ನು ಮುಚ್ಚುತ್ತದೆ, ನೀರು ಜಾರುತ್ತದೆ. ಅದರ ಮೇಲೆ ಬಿಸಿಲಿನ ರಕ್ಷಣೆಗೆ ಒಳ್ಳೆಯ ಕಪ್ಪು ಪಿವಿಸಿ ಟೇಪ್. ಕೇಬಲ್ ಮನೆಯೊಳಗೆ ಹೊಗುವ ಮುಂಚೆ ಕಿಟಕಿಯ ಕೆಳಗೆ ಒಂದು ತೊಟ್ಟಿಲಿನಷ್ಟು ಜೋತುಬಿದ್ದಿರಲಿ, ಕೇಬಲ್ ಹಿಡಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಬಯಲುಸೀಮೆಯವರಿಗೆ ಮಳೆಯ ಕಾಟ ಕಡಿಮೆ, ಬಿಸಿಲಿನದು ಹೆಚ್ಚು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಾರಸಿಯ ಮೇಲೆ ಒರಗಿದ ಅಗ್ಗದ ಕೇಬಲ್ಲಿನ ಹೊರಪದರ ಬಿರುಕುಬಿಡುತ್ತದೆ. ಬಿಸಿಲು ತಡೆಯುವ ಕಪ್ಪು ಪಾಲಿಥಿನ್ ಹೊದಿಕೆಯದನ್ನೇ ಕೇಳಿ. ಒಳಗೆ ನೊರೆ ಪ್ಲಾಸ್ಟಿಕ್ ಇರುವ ಕೇಬಲ್ಲನ್ನು ಕಬ್ಬಿಣದ ಅಂಚಿನಲ್ಲಿ ಚೂಪಾಗಿ ಬಾಗಿಸಬೇಡಿ, ಕಂಬಕ್ಕೆ ಉಸಿರುಗಟ್ಟುವಷ್ಟು ಬಿಗಿದು ಕಟ್ಟಬೇಡಿ. ಬಿಸಿಗೆ ಮೆತ್ತಗಾದ ನೊರೆಯಲ್ಲಿ ಒಳತಂತಿ ಮೆಲ್ಲಗೆ ಬದಿಗೆ ಸರಿಯುತ್ತದೆ. ಇಲಿ, ಅಳಿಲು ಇರುವಲ್ಲಿ ಪಿವಿಸಿ ಪೈಪಿನೊಳಗೆ ಹಾಯಿಸಿ. ಮಂಗಗಳು ಇರುವಲ್ಲಿ ಕೇಬಲ್ ಗಾಳಿಗೆ ತೂಗಾಡದಂತೆ ಕಟ್ಟಿ.

ಸಿಡಿಲಿನ ವಿಷಯದಲ್ಲಿ ಯಾವ ರಾಜಿಯೂ ಬೇಡ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ಶುರುವಾಗುವ ಮುಂಚೆ ಕೇಬಲ್ಲನ್ನು ಸೆಟ್ಟಿನಿಂದ ಕಳಚಿ ಕಿಟಕಿಯಿಂದ ಹೊರಗೆ ಹಾಕಿ. ಕಳಚಿ ಮೇಜಿನ ಮೇಲೇ ಬಿಡುವುದು ಸಾಲದು. ಕಂಬಕ್ಕೂ ಕೇಬಲ್ಲಿನ ಹೊರಮೈಗೂ ಮನೆಯ ಹೊರಗೇ ಒಳ್ಳೆಯ ಅರ್ಥಿಂಗ್ ಇರಲಿ. ಗುಡುಗು ಕೇಳಿದ ಮೇಲೆ ಕಳಚಲು ಕೈ ಹಾಕಬೇಡಿ, ದೂರ ಇರಿ. ಮನೆಯಲ್ಲಿ ಮಕ್ಕಳಿರುತ್ತಾರೆ.

ಕ್ಲಬ್ಬುಗಳ ಹಿರಿಯರಿಗೂ ಇದೇ ಪತ್ರದಲ್ಲಿ ಒಂದು ಬೇಡಿಕೆ ಇಡುತ್ತೇನೆ. ಹೊಸಬರು ತಲಾ 20 ಮೀಟರ್ ಬಿಡಿಯಾಗಿ ಕೊಂಡರೆ ಬೆಲೆಯೂ ಹೆಚ್ಚು, ಮೋಸವೂ ಹೆಚ್ಚು. ಐದಾರು ಜನ ಸೇರಿ 100 ಮೀಟರಿನ ಒಂದು ಸುರುಳಿಯನ್ನು ಒಟ್ಟಿಗೆ ತರಿಸಿ ಹಂಚಿಕೊಳ್ಳುವ ಏರ್ಪಾಡು ಪ್ರತಿ ಕ್ಲಬ್ಬಿನಲ್ಲೂ ಆಗಲಿ. ಒಂದು ನ್ಯಾನೋ ವಿಎನ್‌ಎ, ಒಂದು ಡಮ್ಮಿ ಲೋಡ್ ಕ್ಲಬ್ಬಿನ ಆಸ್ತಿಯಾಗಿ ಊರೂರು ತಿರುಗಲಿ. ಕನೆಕ್ಟರಿಗೆ ಬೆಸುಗೆ ಹಾಕುವುದನ್ನು ಮಾತಿನಲ್ಲಿ ಕಲಿಸಲಾಗದು, ಪಕ್ಕದಲ್ಲಿ ಕೂತು ಎರಡು ಮಾಡಿ ತೋರಿಸಿ, ಎರಡು ಅವರ ಕೈಯಲ್ಲಿ ಮಾಡಿಸಿ.

ಬಾಡಿಗೆ ಮನೆಯವರು, ಫ್ಲ್ಯಾಟಿನವರು ನಿರಾಶರಾಗಬೇಡಿ. ಬಾಲ್ಕನಿಯ ಆಂಟೆನಾಗೆ ನಾಲ್ಕು ಮೀಟರ್ ಆರ್‌ಜಿ-58 ಇದ್ದರೆ 145ರಲ್ಲೂ ನಷ್ಟ ಒಂದು ಡೆಸಿಬೆಲ್ ದಾಟುವುದಿಲ್ಲ. ಸ್ವಂತ ಮನೆಯವರೂ ಒಮ್ಮೆ ಯೋಚಿಸಿ, ಸೆಟ್ಟನ್ನು ಕೆಳಗಿನ ಕೋಣೆಯಿಂದ ತಾರಸಿಯ ಮೆಟ್ಟಿಲ ಕೋಣೆಗೆ ಸಾಗಿಸಲು ಆಗುತ್ತದೆಯೇ ಎಂದು. ಅದಕ್ಕೆ ತಗಲುವುದು ಒಂದು ಮೇಜು, ಒಂದು ಪ್ಲಗ್ ಪಾಯಿಂಟ್.

ಈ ಭಾನುವಾರ ಸೆಟ್ಟಿನ ಬೆಲೆಪಟ್ಟಿ ಪಕ್ಕಕ್ಕಿಟ್ಟು, ಒಂದು ಸಣಬಿನ ಹಗ್ಗ ತೆಗೆದುಕೊಂಡು ತಾರಸಿಗೆ ಹೋಗಿ. ಆಂಟೆನಾ ನಿಲ್ಲುವ ಜಾಗದಿಂದ, ಕೇಬಲ್ ಹೋಗಬೇಕಾದ ದಾರಿಯಲ್ಲೇ, ಕಿಟಕಿಯ ಕೆಳಗೆ ಜೋತುಬೀಳುವ ಭಾಗವನ್ನೂ ಒಳಗೊಂಡು, ಮೇಜಿನವರೆಗೆ ಹಾಯಿಸಿ. ಆ ಹಗ್ಗವನ್ನು ಅಳೆದು ಎರಡು ಮೀಟರ್ ಸೇರಿಸಿ, ನಿಮ್ಮ ಬ್ಯಾಂಡಿನ ಹೆಸರಿನ ಜೊತೆ ಬರೆದುಕೊಂಡು ನೆಟ್‌ಗೆ ಬನ್ನಿ. ಅಷ್ಟು ತಂದರೆ ಯಾವ ಕೇಬಲ್ ಎಂದು ಹೇಳುವುದಕ್ಕೆ ಅಲ್ಲಿ ಬೇಕಾದಷ್ಟು ಜನ ಇದ್ದೇವೆ.

73,
ನಿಮ್ಮ ಬ್ಯಾಂಡಿನ ಹಳೆಯ ಹ್ಯಾಮ್ ಒಬ್ಬರು